46 ಡಾಲರಿನ ಯೂನಿಟ್ಟು

2021ರ ಆಗಸ್ಟ್, ಎರಡನೇ ವಾರ. ಮಗಳ ಬಟ್ಟೆಬರೆಯನ್ನೆಲ್ಲ ಎರಡು ಸೂಟ್‌ಕೇಸಿಗೆ ತುಂಬಿ, ಮೇಲೊಂದು ಡಬ್ಬಿ ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಇಟ್ಟು ಜಿಪ್ ಎಳೆಯುತ್ತಿದ್ದೆ. ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದು ಮಂಚದ ತುದಿಗೆ ಕೂತಳು.

"ಅಮ್ಮ, ಕ್ರೆಡಿಟ್ ಲೆಕ್ಕ ಬಂತು. ನನ್ನ 64 ಯೂನಿಟ್‌ನಲ್ಲಿ ಡಿಗ್ರಿಗೆ ಹಿಡಿದಿರೋದು 33."

"ಎಲ್ಲಾ ತಗೋತೀವಿ ಅಂದಿದ್ರಲ್ಲೇ?"

"ತಗೊಂಡಿದಾರೆ. ಶೀಟಲ್ಲಿ 64 ಅಂತಾನೇ ಇದೆ. ಆದ್ರೆ ಅದರಲ್ಲಿ 31 ಬರೀ ಎಲೆಕ್ಟಿವ್, ಡಿಗ್ರಿಗೆ ಉಪಯೋಗಕ್ಕೆ ಬರಲ್ಲ. ಇನ್ನೆರಡು ವರ್ಷ ಸಾಲಲ್ಲ, ಮೂರು ಬೇಕು."

ಅಷ್ಟು ಹೊತ್ತಿಗೆ ಠೇವಣಿ ಕಟ್ಟಿ ಮೂರು ತಿಂಗಳಾಗಿತ್ತು. ವಿಮಾನದ ಟಿಕೆಟ್ಟು ಆಗಿತ್ತು. ಇನ್ನೊಂದು ಕಡೆ ಸಿಕ್ಕಿದ್ದ ಸೀಟನ್ನು ನಾವೇ ಬೇಡವೆಂದು ಬಿಟ್ಟುಕೊಟ್ಟಾಗಿತ್ತು. ಬೇಡವೆನ್ನಿಸಿದ್ದು ನಾನು. ಆ ನಿರ್ಧಾರದ ಬೆಲೆ ಎಷ್ಟೆಂದು ಪೂರ್ತಿ ಲೆಕ್ಕ ಹಾಕುವ ಧೈರ್ಯ ಮೊನ್ನೆ ಮೊನ್ನೆಯವರೆಗೂ ನನಗೆ ಬಂದಿರಲಿಲ್ಲ. ಈಗ ಮಗನ ಸರದಿ ಬಂದಿದೆ, ಹಾಕಲೇಬೇಕು.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಮಗಳು 2019ರಲ್ಲಿ ಹೈಸ್ಕೂಲು ಮುಗಿಸಿದಾಗ ಅವಳು ಬಯಸಿದ ಯುಸಿಗಳಲ್ಲಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸುಗಳಲ್ಲಿ, ಸೀಟು ಸಿಗಲಿಲ್ಲ. ಕಮ್ಯುನಿಟಿ ಕಾಲೇಜಿಗೆ ಹೋಗಿ ಎರಡು ವರ್ಷದ ನಂತರ ಟ್ರಾನ್ಸ್‌ಫರ್ ಆಗುತ್ತೇನೆ ಎಂದು ಅವಳೇ ಹೇಳಿದಳು, ಯಾರನ್ನೂ ಕೇಳದೆ ಹೋಗಿ ಹೆಸರು ಬರೆಸಿ ಬಂದಳು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಾರ್ವಜನಿಕ ಕಾಲೇಜುಗಳು 116 ಇವೆ. 1960ರ ಮಾಸ್ಟರ್ ಪ್ಲ್ಯಾನಿನಲ್ಲೇ ಈ ದಾರಿಯನ್ನು ಹಾಕಿಟ್ಟಿದ್ದಾರೆ: ಬಾಗಿಲು ಎಲ್ಲರಿಗೂ ತೆರೆದಿರಬೇಕು, ಚೆನ್ನಾಗಿ ಓದಿದವರು ಅಲ್ಲಿಂದ ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್. 2012ರ ಬೇಸಿಗೆಯಿಂದ ಆ ದರ ಏರಿಲ್ಲ. ಮೊಟ್ಟೆಯ ಬೆಲೆ, ಪೆಟ್ರೋಲಿನ ಬೆಲೆ, ಮನೆ ಬಾಡಿಗೆ ಎಲ್ಲ ಎಲ್ಲಿಗೆ ಹೋದವೆಂದು ಇಲ್ಲಿರುವವರಿಗೆ ಗೊತ್ತು. ಇದೊಂದು ಮಾತ್ರ ಇದ್ದಲ್ಲೇ ಇದೆ.

64 ಯೂನಿಟ್ಟಿಗೆ 46ರಂತೆ 2,944 ಡಾಲರ್. ಆರೋಗ್ಯ ಶುಲ್ಕ, ಪುಸ್ತಕ, ಪಾರ್ಕಿಂಗ್ ಎಲ್ಲ ಸೇರಿಸಿದರೂ ಎರಡು ವರ್ಷಕ್ಕೆ ಐದು ಸಾವಿರ ಮುಟ್ಟಲಿಲ್ಲ. ಊಟ ಮನೆಯದು. ಕೋವಿಡ್ ಬಂದ ಮೇಲಂತೂ ಪಾಠವೂ ಮನೆಯಲ್ಲೇ.

ಇಷ್ಟು ಒಳ್ಳೆಯ ವ್ಯವಹಾರ ನಮ್ಮ ಮನೆಯಲ್ಲಿ ಹಿಂದೆ ನಡೆದಿರಲಿಲ್ಲ. ಆದರೆ ನಾನು ಅದನ್ನು ಮುಚ್ಚಿಟ್ಟೆ. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಯಾರಾದರೂ "ಮಗಳು ಎಲ್ಲಿ ಓದ್ತಿದಾಳೆ?" ಎಂದರೆ "ಇಲ್ಲೇ ಹತ್ರ" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ದಾವಣಗೆರೆಯಿಂದ ಅತ್ತಿಗೆ ಫೋನು ಮಾಡಿದವರು, "ಕಮ್ಯುನಿಟಿ ಕಾಲೇಜು ಅಂದ್ರೆ ನಮ್ಮ ಸಮಾಜದವರು ನಡೆಸೋ ಕಾಲೇಜಾ?" ಎಂದು ಕೇಳಿದರು. ಅವರು ಮುಗ್ಧವಾಗಿ ಕೇಳಿದ್ದು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಮಗಳು ಪಕ್ಕದ ಕೋಣೆಯಲ್ಲಿ ಮೈಕ್ರೋ ಎಕನಾಮಿಕ್ಸ್ ಪರೀಕ್ಷೆಗೆ ಓದುತ್ತಿದ್ದಳು. ಅವಳಿಗೆ ನನ್ನ ಮುಜುಗರ ತಿಳಿದಿತ್ತು ಎಂದು ಆಮೇಲೆ ಗೊತ್ತಾಯಿತು.

2020ರ ಸೆಪ್ಟೆಂಬರಿನಲ್ಲಿ ಅವಳು ಯುಸಿ ರಿವರ್‌ಸೈಡಿಗೆ, ಅರ್ಥಶಾಸ್ತ್ರಕ್ಕೆ, ಟ್ಯಾಗ್ ಹಾಕಿದಳು. ಟ್ಯಾಗ್ ಕೊಡುವ ಯುಸಿಗಳು ಆರು: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್. ಒಬ್ಬರಿಗೆ ಒಂದೇ ಕಡೆ. ಹೇಳಿದ ಕೋರ್ಸುಗಳನ್ನು ಹೇಳಿದ ಗ್ರೇಡಿನಲ್ಲಿ ಮುಗಿಸಿದರೆ ಸೀಟು ಖಚಿತ. ಬರ್ಕ್‌ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯೇಗೊಗಳಿಗೆ ಈ ಭರವಸೆಯಿಲ್ಲ. ಬರ್ಕ್‌ಲಿಗೂ ಲಾಸ್ ಏಂಜಲಿಸಿಗೂ ಅರ್ಜಿ ಹಾಕಿದ್ದಳು, ಎರಡೂ ಆಗಲಿಲ್ಲ. ಏಪ್ರಿಲಿನಲ್ಲಿ ರಿವರ್‌ಸೈಡಿನಿಂದ ಪತ್ರ ಬಂತು. ಅವಳ ಮುಖ ನೋಡಬೇಕಿತ್ತು.

ಅದೇ ವಾರ ಇನ್ನೊಂದು ಪತ್ರವೂ ಬಂತು. ಪೂರ್ವ ತೀರದ ಒಂದು ಖಾಸಗಿ ವಿಶ್ವವಿದ್ಯಾಲಯ, ಹೆಸರು ಬೇಡ. ಅಲ್ಲಿಗೆ ಅರ್ಜಿ ಹಾಕೆಂದು ಹಟ ಹಿಡಿದವಳು ನಾನೇ. ಬೋಧನಾ ಶುಲ್ಕ 54,000, ಅದರಲ್ಲಿ 18,000 "ಟ್ರಾನ್ಸ್‌ಫರ್ ಸ್ಕಾಲರ್‌ಶಿಪ್". ಪತ್ರದ ಮೇಲೆ ಉಬ್ಬಚ್ಚಿನ ಮುದ್ರೆ, ಒಳಗೆ ಇಟ್ಟಿಗೆ ಬಣ್ಣದ ಕಟ್ಟಡಗಳ ಚಿತ್ರ. ಹದಿನೆಂಟು ಸಾವಿರ ಕೊಡುತ್ತಾರೆಂದರೆ ಮಗಳ ಯೋಗ್ಯತೆಗೆ ಬೆಲೆ ಕಟ್ಟಿದ್ದಾರೆ ಎಂದು ನಾನು ಓದಿಕೊಂಡೆ. ಪಟ್ಟಿಯ ಬೆಲೆಯನ್ನು ಮೊದಲು ಏರಿಸಿ ಆಮೇಲೆ ರಿಯಾಯಿತಿ ಕೊಡುವುದು ಸೀರೆ ಅಂಗಡಿಯ ಆಷಾಢ ಸೇಲಿನಲ್ಲಿ ನನಗೆ ತಕ್ಷಣ ತಿಳಿಯುತ್ತದೆ. ಇಲ್ಲಿ ತಿಳಿಯಲಿಲ್ಲ.

ಮನೆಯವರು ಕಾಗದದ ಮೇಲೆ ಬರೆದು ತೋರಿಸಿದರು. ರಿವರ್‌ಸೈಡಿನಲ್ಲಿ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 32,000, ಎರಡು ವರ್ಷಕ್ಕೆ 64,000. ಮಗಳ ಓದಿಗೆಂದು ಕೂಡಿಟ್ಟ 529 ಖಾತೆಯಲ್ಲಿ ಆಗ 61,000 ಇತ್ತು. "ಮೂರು ಸಾವಿರ ಕೈಯಿಂದ ಹಾಕಿದರೆ ಮುಗೀತು ನೋಡೇ" ಎಂದರು. ಖಾಸಗಿಯಲ್ಲಿ ಸ್ಕಾಲರ್‌ಶಿಪ್ ಕಳೆದು ಬೋಧನೆಗೆ 36,000, ಇರುವುದಕ್ಕೆ ಉಣ್ಣುವುದಕ್ಕೆ 16,000, ಒಟ್ಟು 52,000. ಎರಡು ವರ್ಷಕ್ಕೆ 1,04,000. ವ್ಯತ್ಯಾಸ 40,000. ನಾನು ಅಂದೆ, "ನಲವತ್ತು ಸಾವಿರಕ್ಕೆ ಜೀವನಪೂರ್ತಿ ಆ ಹೆಸರು ಇರತ್ತಲ್ಲ ರೀ."

ಮಗಳು ಒಂದೇ ಮಾತು ಹೇಳಿದಳು. "ರಿವರ್‌ಸೈಡ್‌ಗೆ ನನ್ನ ಎಲ್ಲಾ ಕೋರ್ಸೂ ಹೋಗತ್ತಮ್ಮ. ಅಸಿಸ್ಟ್‌ನಲ್ಲಿ ಯಾವ ಕೋರ್ಸು ಎಲ್ಲಿ ಯಾವುದಕ್ಕೆ ಸಮ ಅಂತ ಇರತ್ತೆ, ನೋಡ್ಕೊಂಡೇ ತಗೊಂಡಿರೋದು." ಅದು ಒಂದು ವಿವರ ಎಂದುಕೊಂಡೆ. ಇಡೀ ವ್ಯವಹಾರ ನಿಂತಿದ್ದೇ ಅದರ ಮೇಲೆ.

ಈಗ ಆ 31 ಯೂನಿಟ್ಟಿನ ವಿಷಯ. ಸಮಾಧಾನವಾಗಿ ಓದಿ, ಈ ಅಂಕಣದಲ್ಲಿ ನಾನು ಹೇಳಬೇಕಾದ್ದು ಇದೇ.

ಮೊದಲು ನಾನು ಹಾಕಿದ ಲೆಕ್ಕ ಹೀಗಿತ್ತು: 31 ಯೂನಿಟ್ಟು ಹೋಯಿತು, ಯೂನಿಟ್ಟಿಗೆ 46, ನಷ್ಟ 1,426 ಡಾಲರ್. ಒಂದು ವಿಮಾನ ಟಿಕೆಟ್ಟಿನ ದುಡ್ಡು. ಹೋಗಲಿ ಬಿಡು ಎಂದುಕೊಂಡೆ. ಆದರೆ ಕಳೆದುಹೋದ ವಸ್ತುವಿಗೆ ಕೊಂಡ ಬೆಲೆಯನ್ನು ಹಿಡಿಯಬಾರದು, ಮತ್ತೆ ಕೊಳ್ಳಬೇಕಾದ ಬೆಲೆಯನ್ನು ಹಿಡಿಯಬೇಕು. ಆ 31ನ್ನು ತುಂಬಿಸಲು ಅವಳಿಗೆ ಇನ್ನೆರಡು ಸೆಮಿಸ್ಟರ್ ಬೇಕಾಯಿತು. ಸ್ಕಾಲರ್‌ಶಿಪ್ ಇದ್ದದ್ದು ನಾಲ್ಕು ಸೆಮಿಸ್ಟರಿಗೆ ಮಾತ್ರ. ಪತ್ರದ ಎರಡನೇ ಪುಟದಲ್ಲಿ ಅದನ್ನು ಬರೆದೇ ಇದ್ದರು, ನಾನು ಮೊದಲ ಪುಟಕ್ಕೇ ನಿಂತಿದ್ದೆ. ಮೂರನೇ ವರ್ಷಕ್ಕೆ ಪೂರ್ತಿ ಶುಲ್ಕ, ಅದೂ ಏರಿದ ಶುಲ್ಕ: 57,000. ವಸತಿ, ಊಟ 17,000. ಒಟ್ಟು 74,000.

74,000ವನ್ನು 31ರಿಂದ ಭಾಗಿಸಿ. 2,387 ಡಾಲರ್.

46ಕ್ಕೆ ಕೊಂಡಿದ್ದ ಯೂನಿಟ್ಟನ್ನು ನಾವು 2,387ಕ್ಕೆ ಎರಡನೇ ಸಲ ಕೊಂಡೆವು. ಹೆಚ್ಚುಕಡಿಮೆ 52 ಪಟ್ಟು. ಅದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ಕೋರ್ಸು, ನಾಲ್ಕು ಯೂನಿಟ್ಟಿನದು. ಫ್ರೀಮಾಂಟಿನಲ್ಲಿ ಕೂತು 184 ಡಾಲರಿಗೆ ಎ ಗ್ರೇಡು ತೆಗೆದಿದ್ದಳು. ಅಲ್ಲಿಯ ವಿಭಾಗದವರು ತಮ್ಮಲ್ಲೇ ಮಾಡಬೇಕೆಂದರು. ಈ ದರದಲ್ಲಿ ಅದಕ್ಕೆ ಬಿದ್ದದ್ದು 9,548. ಅಲ್ಲಿ ಓದಿಸಿದ ಪುಸ್ತಕದ ಹಿಂದಿನ ಆವೃತ್ತಿ ನಮ್ಮ ಗ್ಯಾರೇಜಿನ ರಟ್ಟಿನ ಪೆಟ್ಟಿಗೆಯಲ್ಲಿ ಈಗಲೂ ಇದೆ. ಬೇಸಿಗೆ ರಜೆಯಲ್ಲಿ ಮನೆಗೆ ಬಂದಾಗ ಇಲ್ಲಿಯ ಕಾಲೇಜಿನಲ್ಲೇ ಎರಡು ಕೋರ್ಸು ಮುಗಿಸುತ್ತೇನೆಂದು ಕೇಳಿದಳು. ಕೊನೆಯ 60 ಕ್ರೆಡಿಟ್ ನಮ್ಮಲ್ಲೇ ಆಗಬೇಕು, ನಿಯಮ, ಎಂದು ಉತ್ತರ ಬಂತು.

ಹಣ ಹೊಂದಿಸಿದ್ದು ಹೀಗೆ. ಮೊದಲ ವರ್ಷದ 52,000 ಪೂರ್ತಿ 529ರಿಂದ. ಎರಡನೇ ವರ್ಷಕ್ಕೆ ಅದರಲ್ಲಿ ಉಳಿದ 9,000, ಉಳಿತಾಯದ 20,000, ಪೇರೆಂಟ್ ಪ್ಲಸ್ ಸಾಲ 23,000. ಮೂರನೇ ವರ್ಷಕ್ಕೆ ಉಳಿತಾಯದಿಂದ 24,000, ಮತ್ತೆ ಪ್ಲಸ್ ಸಾಲ 50,000. ಉಳಿತಾಯದ ಆ 44,000 ಎಂದರೆ ದಾವಣಗೆರೆಯಲ್ಲಿ ಅಪ್ಪನ ಮನೆಯ ಹತ್ತಿರ ಒಂದು ಸೈಟು ತೆಗೆದುಕೊಳ್ಳಬೇಕೆಂದು ಹತ್ತು ವರ್ಷ ಕೂಡಿಟ್ಟದ್ದು. ಒಟ್ಟು ಖರ್ಚು 1,78,000. ರಿವರ್‌ಸೈಡಿನ 64,000 ಕಳೆದರೆ 1,14,000 ಹೆಚ್ಚು.

ಇಲ್ಲಿಗೆ ನಿಲ್ಲಲಿಲ್ಲ. ಪೇರೆಂಟ್ ಪ್ಲಸ್ ಬಗ್ಗೆ ಬರೆಯುವಾಗ ನನಗೆ ತಾಳ್ಮೆ ಉಳಿಯುವುದಿಲ್ಲ. ಕೇಂದ್ರ ಸರ್ಕಾರವೇ ಕೊಡುವ ಸಾಲವೆಂದು ಅದಕ್ಕೊಂದು ಗೌರವವಿದೆ. ಸಂಬಳದ ಚೀಟಿ ಕೇಳುವುದಿಲ್ಲ. ತೀರಿಸುವ ಶಕ್ತಿಯಿದೆಯೇ ಎಂದು ನೋಡುವುದಿಲ್ಲ. ಹಿಂದೆ ಸಾಲ ಕಟ್ಟದೆ ಕೆಟ್ಟ ಹೆಸರು ತಂದುಕೊಂಡಿಲ್ಲವೆಂದರೆ ಸಾಕು, ಆಗ ಕಾಲೇಜು ಹೇಳಿದ ಖರ್ಚಿನಷ್ಟೂ ಮಂಜೂರಾಗುತ್ತಿತ್ತು. ನಮ್ಮೂರಿನ ಸಹಕಾರಿ ಬ್ಯಾಂಕಿನ ಕಾರ್ಯದರ್ಶಿ ಒಂದು ಎಮ್ಮೆ ಸಾಲಕ್ಕೆ ಕೊಟ್ಟಿಗೆ ನೋಡಲು ಬರುತ್ತಿದ್ದರು. ಇಲ್ಲಿ 50,000 ಡಾಲರ್ ಸಾಲಕ್ಕೆ ನಾನು ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸೀಟಿ ಹೊಡೆಯುವಷ್ಟರಲ್ಲಿ ಸಹಿ ಮಾಡಿ ಮುಗಿಸಿದ್ದೆ.

ಮೊದಲ ಕಡಿತ ಅಲ್ಲೇ: 4.228% ಆರಂಭಿಕ ಶುಲ್ಕ. ಕಾಗದದಲ್ಲಿ 73,000, ಕಾಲೇಜಿಗೆ ತಲುಪಿದ್ದು 69,914. ನಡುವಿನ 3,086 ಡಾಲರನ್ನು ಕೈಯಿಂದ ತುಂಬಿಸಿದೆವು. ತಲುಪದ ಹಣಕ್ಕೂ ಬಡ್ಡಿ ಕಟ್ಟುತ್ತಿದ್ದೇವೆ. ಬಡ್ಡಿ 2022-23ರ ಸಾಲಕ್ಕೆ 7.54%, 2023-24ರದಕ್ಕೆ 8.05%. ಕೋವಿಡ್ ವಿನಾಯಿತಿ ಇದ್ದುದರಿಂದ 2023ರ ಆಗಸ್ಟ್ ಕೊನೆಯವರೆಗೆ ಬಡ್ಡಿ ಸೊನ್ನೆ. ಆ ಸೊನ್ನೆಯನ್ನು ನೋಡುತ್ತಾ ಸಾಲ ಹಗುರವೆಂದುಕೊಂಡು ಎರಡನೆಯದಕ್ಕೂ ಸಹಿ ಹಾಕಿದೆ. ಸೆಪ್ಟೆಂಬರ್ 1ರಿಂದ ಬಡ್ಡಿ ಓಡತೊಡಗಿತು. ಎರಡೂ ಸಾಲ ಕೈಗೆ ಬಂದ ಮೇಲೆ ವರ್ಷಕ್ಕೆ 5,759, ದಿನಕ್ಕೆ 15 ಡಾಲರ್ 78 ಸೆಂಟು. ನಾವು ಮಲಗಿದ್ದಾಗಲೂ.

ಓದು ಮುಗಿಯುವವರೆಗೆ ಬರೀ ಬಡ್ಡಿ ಕಟ್ಟಿದೆವು. ಈಗ ಹತ್ತು ವರ್ಷದ ಕಂತು, ತಿಂಗಳಿಗೆ 881 ಡಾಲರ್. ಮುಗಿಯುವುದು 2034ಕ್ಕೆ. ಅಷ್ಟರಲ್ಲಿ ಈ ಕಂತುಗಳಲ್ಲಿ ಬಡ್ಡಿಯೆಂದೇ 32,700ಕ್ಕೂ ಹೆಚ್ಚು ಕಟ್ಟಿರುತ್ತೇವೆ. 1,14,000ಕ್ಕೆ ಇದನ್ನೂ ಆ 3,086ನ್ನೂ ಕೂಡಿಸಿದರೆ 1,50,000 ಡಾಲರಿಗೆ ಇನ್ನೂರು ಕಡಿಮೆ. ಅವಳು ಒಂದು ವರ್ಷ ಮುಂಚೆ ದುಡಿಮೆಗೆ ಇಳಿದಿದ್ದರೆ ಬರುತ್ತಿದ್ದ ಸಂಬಳವನ್ನು ನಾನು ಸೇರಿಸಿಲ್ಲ. ಎಒಟಿಸಿ ಎಂಬ ಕಾಲೇಜು ಓದಿನ ತೆರಿಗೆ ರಿಯಾಯಿತಿ ನಾಲ್ಕು ತೆರಿಗೆ ವರ್ಷಕ್ಕಷ್ಟೇ ಸಿಗುತ್ತದೆ, ಓದು ಐದನೆಯದಕ್ಕೆ ಎಳೆದರೆ ಆ 2,500ಕ್ಕೂ ಕೈ ಚಾಚುವಂತಿಲ್ಲ. ನಲವತ್ತು ಸಾವಿರದ ವ್ಯತ್ಯಾಸ ಎಂದು ಊಟದ ಮೇಜಿನ ಮೇಲೆ ಬರೆದುಕೊಂಡದ್ದು ಹೀಗೆ ಬೆಳೆಯಿತು.

2026ರ ಜುಲೈ 1ರಿಂದ ಹೊಸ ಪ್ಲಸ್ ಸಾಲಕ್ಕೆ ಮಿತಿ: ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000. ಇದರಿಂದ ಮಕ್ಕಳ ಓದು ನಿಂತುಹೋಗುತ್ತದೆ ಎಂದು ಬೇಸರಪಡುವವರಿದ್ದಾರೆ, ಅವರ ಕಷ್ಟ ನಿಜ. ನನ್ನ ಮಟ್ಟಿಗೆ ಹೇಳುತ್ತೇನೆ: ಆ ಮಿತಿ 2023ರಲ್ಲೇ ಇದ್ದಿದ್ದರೆ 50,000ಕ್ಕೆ ಸಹಿ ಹಾಕಲು ನನಗೆ ಆಗುತ್ತಲೇ ಇರಲಿಲ್ಲ. ಯಾರಾದರೂ "ಪ್ಲಸ್ ಇದೆಯಲ್ಲ, ಏನು ಯೋಚನೆ" ಎಂದರೆ ಎದ್ದು ಬನ್ನಿ.

ನಮ್ಮದು ಅಪರೂಪದ ಕಥೆಯೇನಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧಕ ಸಂಸ್ಥೆ ಜಿಎಒ 2017ರಲ್ಲಿ ಕೊಟ್ಟ ವರದಿಯಲ್ಲಿ, ಟ್ರಾನ್ಸ್‌ಫರ್ ಆದ ವಿದ್ಯಾರ್ಥಿಗಳು ಸರಾಸರಿ 43% ಕ್ರೆಡಿಟ್ ಕಳೆದುಕೊಂಡಿದ್ದರೆಂದು ಅಂದಾಜು ಮಾಡಿದೆ. 64ಕ್ಕೆ 31 ಎಂದರೆ 48%. ಕಾರಣವೂ ಗೂಢವಲ್ಲ. ಐಗೆಟ್ಸಿ ಎಂಬ ಸಾಮಾನ್ಯ ಕೋರ್ಸುಗಳ ಪಟ್ಟಿ ಆಗಲಿ, ಈಗ ಅದರ ಜಾಗಕ್ಕೆ ಬಂದಿರುವ ಕ್ಯಾಲ್-ಗೆಟ್ಸಿ ಆಗಲಿ, ಕ್ಯಾಲಿಫೋರ್ನಿಯಾದ ಸಾರ್ವಜನಿಕ ವಿಶ್ವವಿದ್ಯಾಲಯಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದ. ಖಾಸಗಿಯವರಿಗೆ, ಅದೂ ಹೊರರಾಜ್ಯದವರಿಗೆ, ಅದನ್ನು ಒಪ್ಪಲೇಬೇಕೆಂಬ ಕಟ್ಟುಪಾಡಿಲ್ಲ. ಅವರಿಗೆ ಅವರದೇ ಬರವಣಿಗೆಯ ಸೆಮಿನಾರು, ಅವರದೇ ತತ್ತ್ವಶಾಸ್ತ್ರ, ಎರಡು ಸೆಮಿಸ್ಟರ್ ಪರಭಾಷೆ. ನಮ್ಮ ಕನ್ನಡದ ಹುಡುಗಿ ಕಡೆಗೆ ಇಟಾಲಿಯನ್ ಕಲಿತಳು.

ಇದನ್ನು ಕರ್ನಾಟಕದಲ್ಲಿ ಕೂತು ಓದುವವರಿಗೆ ನಮ್ಮ ಡಿಪ್ಲೊಮಾ ಹುಡುಗರನ್ನು ನೆನಪಿಸುತ್ತೇನೆ. ನನ್ನ ಅಣ್ಣನ ಮಗ ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ ಸೇರಿದ. ಅವನಿಗೂ ನೆಂಟರ ಬಾಯಲ್ಲಿ "ಪಾಪ, ಪಿಯುಸಿ ಸೈನ್ಸ್ ಸಿಗಲಿಲ್ಲವಾ" ಎಂಬ ಮಾತು ತಪ್ಪಲಿಲ್ಲ. ಮೂರು ವರ್ಷ ಡಿಪ್ಲೊಮಾ, ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷ, ಇನ್ನು ಮೂರು ವರ್ಷ. ಒಟ್ಟು ಆರು. ಪಿಯುಸಿ ಎರಡು, ಬಿಇ ನಾಲ್ಕು ಮಾಡಿದವರಿಗೂ ಆರೇ. ಒಂದು ವರ್ಷವೂ ನಷ್ಟವಿಲ್ಲ, ಏಕೆಂದರೆ ಯಾವುದಕ್ಕೆ ಯಾವುದು ಸಮ ಎಂಬುದನ್ನು ಅವನು ಹುಟ್ಟುವ ಮುಂಚೆಯೇ ಯಾರೋ ಕೂತು ಗೊತ್ತುಮಾಡಿಟ್ಟಿದ್ದರು. ರಿವರ್‌ಸೈಡಿಗೂ ನಮ್ಮ ಕಮ್ಯುನಿಟಿ ಕಾಲೇಜಿಗೂ ನಡುವೆ ಇದ್ದದ್ದು ಅಂಥದೇ ಒಂದು ಗೊತ್ತುಪಾಡು. ಮಗಳ ಹತ್ತಿರ ಆಗ ಇದ್ದ ನಿಜವಾದ ಆಸ್ತಿ ಆ ಗೊತ್ತುಪಾಡು, ನಾನು ಅದನ್ನು ಬಿಟ್ಟು ಉಬ್ಬಚ್ಚಿನ ಮುದ್ರೆಯನ್ನು ಹಿಡಿದೆ.

ಹಾಗಾದರೆ ಖಾಸಗಿಗೆ ಹೋಗಲೇಬಾರದೇ? ಹೋಗಬಹುದು. ಟ್ರಾನ್ಸ್‌ಫರ್ ಮಕ್ಕಳನ್ನು ಮರ್ಯಾದೆಯಿಂದ ನೋಡುವ ಖಾಸಗಿ ಕಾಲೇಜುಗಳೂ ಇವೆ. ರಾಜ್ಯದ ಇನ್ನೊಂದು ಸಾರ್ವಜನಿಕ ವ್ಯವಸ್ಥೆಯಾದ ಸಿಎಸ್‌ಯುಗಳಂತೂ ಎಡಿಟಿ ಎಂಬ ಟ್ರಾನ್ಸ್‌ಫರ್ ಪದವಿಯಿದ್ದವರಿಗೆ ಜಾಗ ಇಡುತ್ತವೆ, ಅಲ್ಲಿ ಮಿಕ್ಕ ಓದನ್ನು 60 ಯೂನಿಟ್ಟಿಗೆ ಕಟ್ಟಿಹಾಕಿದ್ದಾರೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಎಲ್ಲಿಗೇ ಹೋಗಿ, ಠೇವಣಿಗೆ ಮುಂಚೆ ಕ್ರೆಡಿಟ್ ಲೆಕ್ಕವನ್ನು ಬರಹದಲ್ಲಿ ತರಿಸಿಕೊಳ್ಳಿ. "ಎಷ್ಟು ತಗೋತೀರಿ" ಎಂದು ಕೇಳಬೇಡಿ, ಎಲ್ಲ ತಗೋತೀವಿ ಎನ್ನುತ್ತಾರೆ. "ನನ್ನ ಮಗಳ ಮೇಜರಿಗೆ ಇನ್ನು ಯಾವ ಯಾವ ಕೋರ್ಸು ಬಾಕಿ, ಎಷ್ಟು ಸೆಮಿಸ್ಟರು, ಸ್ಕಾಲರ್‌ಶಿಪ್ಪು ಅಷ್ಟೂ ಸೆಮಿಸ್ಟರಿಗೆ ಇದೆಯಾ" ಎಂದು ಕೇಳಿ. ಠೇವಣಿ ಕಟ್ಟಿದ ಮೇಲಷ್ಟೇ ಹೇಳುತ್ತೇವೆ ಎನ್ನುವವರಿಗೆ ಠೇವಣಿ ಕಟ್ಟಬೇಡಿ. ಯೂನಿಟ್ಟಿಗೆ ಎಷ್ಟೆಂದು ನೀವೇ ಭಾಗಿಸಿ ನೋಡಿ.

ಬೆಂಗಳೂರಿನಲ್ಲಿ ಏಜೆಂಟರು "ಎರಡು ಪ್ಲಸ್ ಎರಡು" ಎಂದು ಇದನ್ನೇ ಮಾರುವುದುಂಟು. ದಾರಿ ಸುಳ್ಳಲ್ಲ, ಎಫ್-1 ವೀಸಾದವರೂ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಟ್ಯಾಗ್ ಹಾಕಬಹುದು. ಆದರೆ ಅವರಿಗೆ 46ರ ದರ ಇಲ್ಲ, ಹೊರಗಿನವರ ದರ ಅದರ ಹಲವು ಪಟ್ಟು. ಯುಸಿಗೆ ಹೋದ ಮೇಲೂ ಹೊರಗಿನವರ ಶುಲ್ಕವೇ. ನನ್ನ 32,000ವನ್ನು ನಿಮ್ಮ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು, ಇದು ಹಣದ್ದಲ್ಲ. ನಮ್ಮ ಜನ ತರಕಾರಿಗೆ ಕೂಪನ್ ಹುಡುಕುತ್ತೇವೆ, ವಿಮಾನದ ಟಿಕೆಟ್ಟಿಗೆ ಮೂರು ವಾರ ಕಾಯುತ್ತೇವೆ. ಮಕ್ಕಳ ಕಾಲೇಜಿನ ಮಾತು ಬಂದರೆ ಮಾತ್ರ ದುಡ್ಡಿನ ಲೆಕ್ಕ ಹಾಕುವುದೇ ಅಪಮಾನವೆಂದುಕೊಳ್ಳುತ್ತೇವೆ. ನಾಲ್ಕು ಜನ ಕೇಳುವ ಪ್ರಶ್ನೆಗೆ ಉತ್ತರ ಬೇಕು ನಮಗೆ. ಆ ನಾಲ್ಕು ಜನರಲ್ಲಿ ಒಬ್ಬರೂ ನನ್ನ 881ರಲ್ಲಿ ಒಂದು ಡಾಲರ್ ಕಟ್ಟುತ್ತಿಲ್ಲ, ಕಟ್ಟಬೇಕಾಗಿಯೂ ಇಲ್ಲ. ಮುಂದಿನ ಸಲ ಯಾರದೋ ಮಗ ಕಮ್ಯುನಿಟಿ ಕಾಲೇಜು ಎಂದಾಗ ದಯವಿಟ್ಟು "ಓ, ಹೌದಾ" ಎಂದು ದನಿ ಇಳಿಸಬೇಡಿ. ಯಾವ ಮೇಜರ್, ಎಲ್ಲಿಗೆ ಟ್ಯಾಗ್ ಎಂದು ಕೇಳಿ. ಆ ಹುಡುಗ ಖುಷಿಯಿಂದ ಹೇಳುತ್ತಾನೆ.

ಮಗಳು ಈಗ ಸ್ಯಾಕ್ರಮೆಂಟೊದಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿದ್ದಾಳೆ. ಓದು ಚೆನ್ನಾಗಿತ್ತು, ಕೆಲವು ಒಳ್ಳೆಯ ಮೇಷ್ಟ್ರುಗಳು ಸಿಕ್ಕರು, ಅದನ್ನು ಅಲ್ಲಗಳೆಯಲಾರೆ. ಅವಳ ಹುದ್ದೆಗೆ ಡಿಗ್ರಿ ಬೇಕು. ಯಾವ ಕಾಲೇಜಿನದೆಂದು ಬರೆಯಲು ವೇತನ ಶ್ರೇಣಿಯಲ್ಲಿ ಕಾಲಮ್ಮಿಲ್ಲ. ಪ್ರತಿ ತಿಂಗಳು ಒಂದನೇ ತಾರೀಕು ನನ್ನ ಖಾತೆಗೆ 300 ಡಾಲರ್ ಹಾಕುತ್ತಾಳೆ. ಸಾಲ ನನ್ನ ಹೆಸರಲ್ಲಿದೆ, ಸಹಿ ನನ್ನದು, ಬೇಡ ಅಂದೆ. "ಓದಿದ್ದು ನಾನಲ್ವಾಮ್ಮ" ಅಂದಳು. ಆ ಹಣವನ್ನು ನಾನು ಮುಟ್ಟಿಲ್ಲ, ಅವಳ ಹೆಸರಲ್ಲೇ ಬೇರೆ ಇಟ್ಟಿದ್ದೇನೆ.

ಮಗ ಅದೇ ಕಮ್ಯುನಿಟಿ ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದಾನೆ. ಕಳೆದ ತಿಂಗಳು ಟ್ಯಾಗ್ ಹಾಕುವ ಮುಂಚೆ ಅಸಿಸ್ಟಿನ ಹಾಳೆಗಳನ್ನು ಮುದ್ರಿಸಿ ಊಟದ ಮೇಜಿನ ಮೇಲೆ ಹರಡಿಕೊಂಡು ಇಬ್ಬರೂ ಕೂತೆವು. ಅವನು ತನ್ನ ಕೋರ್ಸುಗಳ ಮೇಲೆ ಒಂದೊಂದಾಗಿ ಗೆರೆ ಎಳೆಯುತ್ತಾ ಬಂದ. ವಸಂತಕ್ಕೆ ಹೆಸರು ಕೊಡಬೇಕೆಂದಿದ್ದ ಒಂದು ಕೋರ್ಸಿನ ಎದುರು "ಸಮಾನ ಕೋರ್ಸು ಇಲ್ಲ" ಎಂದಿತ್ತು. ಗೆಳೆಯರೆಲ್ಲ ತೆಗೆದುಕೊಳ್ಳುತ್ತಿದ್ದಾರಂತೆ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತ. ಆಮೇಲೆ ಅದನ್ನು ಹೊಡೆದುಹಾಕಿ, ಪಕ್ಕದ ಸಾಲಿನಲ್ಲಿದ್ದ ಇನ್ನೊಂದು ಕೋರ್ಸಿನ ಸಂಖ್ಯೆ ಬರೆದುಕೊಂಡು, ಅದು ಬೆಳಗಿನ ಎಂಟು ಗಂಟೆಯ ಕ್ಲಾಸು ಎಂದು ಗೊಣಗುತ್ತಾ ಮೇಲೆದ್ದ.